ಎದೆನೋವು ಗುರುವಾರವೇ ಬರಬೇಕು

ಬನಹಟ್ಟಿಯ ನಮ್ಮ ಸೋದರತ್ತೆ ಗಂಗವ್ವನಿಗೆ ಎದೆನೋವು ಬಂದದ್ದು ಸೋಮವಾರ. ತಪ್ಪು ಅವಳದೇ ಬಿಡಿ. ನಮ್ಮ ಕಡೆ ಎದೆನೋವು ಗುರುವಾರ ಬರಬೇಕು!

ನಗಬೇಡಿ. ಹೃದಯದ ಡಾಕ್ಟರು ಬೆಳಗಾವಿಯಿಂದ ಜಮಖಂಡಿಗೆ ಬರುವುದು ಗುರುವಾರ ಮಾತ್ರ. ಎಲುಬಿನವರು ಶನಿವಾರ. ಸಾವಳಗಿ, ಬೀಳಗಿಯಿಂದೆಲ್ಲ ಜನ ಸಂತೆಗೆ ಬಂದ ಹಾಗೆ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಯಾವ ನೋವಿಗೆ ಯಾವ ವಾರ ಎಂಬುದು ಮನೆಮನೆಗೂ ಬಾಯಿಪಾಠ.

ಮಂಗಳವಾರ ನಾನು ಹೋದಾಗ ಅತ್ತೆ ನೋಯುವ ಎಡಗೈಗೆ ಬಟ್ಟೆ ಬಿಗಿದುಕೊಂಡು ಪವರ್‌ಲೂಮ್ ಮುಂದೆ ನಿಂತಿದ್ದಳು. ಮುಖವೆಲ್ಲ ಬೆವರು.

"ಏನಾತು ಅತ್ತಿ?"

"ನಿನ್ನಿಯಿಂದ ಎದಿ ಹಿಂಡಾಕತ್ತೈತಿ. ಇರ್ಲಿ ಬಿಡೋ ತಮ್ಮಾ, ಗುರುವಾರ ತೋರಿಸಿದ್ರಾತು."

ಮಗ್ಗದಲ್ಲಿ ಒಂದು ಎಳೆ ಹರಿದರೆ ಆ ಕ್ಷಣವೇ ಸ್ವಿಚ್ ಆರಿಸುವ ಹೆಂಗಸು ಇವಳು. ತನ್ನ ಎದೆಗೆ ಮಾತ್ರ ವಾಯಿದೆ ಕೊಟ್ಟಿದ್ದಳು! ನಾನೇ ಮಗ್ಗ ಆರಿಸಿ ಅವಳನ್ನು ಗಾಡಿ ಹತ್ತಿಸಿದೆ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ನೋಡಿದವರು ಮಾತ್ರೆ ಕೊಟ್ಟು, "ನಿಂದರಬ್ಯಾಡ್ರಿ, ಬೆಳಗಾವಿಗೆ ಹೊಂಡ್ರಿ" ಅಂದರು. ದಾರಿಯುದ್ದಕ್ಕೂ ಅವಳ ಕೈ ಹಿಡಿದು ಕೂತಿದ್ದೆ. (ದೇವರನ್ನೂ ಬೈದೆ.)

ಬೆಳಗಾವಿಯಲ್ಲಿ ಒಂದೇ ರಸ್ತೆಯಲ್ಲಿ ಸಾಲುಸಾಲು ಹೃದಯದ ಬೋರ್ಡುಗಳು. ಅಲ್ಲಿಯವರ ಎದೆ ಯಾವ ವಾರ ಬೇಕಾದರೂ ನೋಯಬಹುದು. ಪುಣ್ಯವಂತರು.

ಅತ್ತೆ ಬದುಕಿದಳು. ಹೃದಯದ ಒಂದು ಭಾಗ ಮಾತ್ರ ಇನ್ನು ಸರಿಹೋಗುವುದಿಲ್ಲವಂತೆ.

"ನೋವು ಬಂದ ಕೂಡ್ಲೇ ಬರಬೇಕಿತ್ತು. ನಿಮ್ಮ ಕಡೆ ಮಂದಿಗೆ ತಿಳುವಳಿಕೀನ ಇಲ್ಲ ನೋಡ್ರಿ" ಎಂದು ಡಾಕ್ಟರು ಗದರಿದರು.

ಅತ್ತೆ ಅವರ ಮುಖವನ್ನೇ ನೋಡಿದಳು. ಹಿಂದೊಮ್ಮೆ ನೆರೆಮನೆಯವಳನ್ನು ತೋರಿಸಲು ಜಮಖಂಡಿಗೆ ಹೋಗಿದ್ದಳು, ಗುರುತು ಸಿಕ್ಕಿತು. "ಗುರುವಾರ ಜಮಖಂಡಿಗೆ ಬರೂ ಡಾಕ್ಟರು ನೀವ ಹೌದಲ್ಲರಿ? ನಿಮ್ಮ ಸಲುವಾಗೇ ಕಾಯಾಕತ್ತಿದ್ನಿರಿ."

ಡಾಕ್ಟರು ಕೇಸ್ ಪೇಪರ್ ತಿರುವಿಹಾಕತೊಡಗಿದರು. ನಾನು ಮಾತ್ರ ಇದನ್ನು ಬಿಡಲಾರೆ. ತಿಳುವಳಿಕೆ ಇಲ್ಲವೇ? ಡಾಕ್ಟರ ವಾರ, ಬಸ್ಸಿನ ಟೈಮು ಎಲ್ಲ ಬಲ್ಲ ಜನಕ್ಕೆ? ಇಲ್ಲದಿರುವುದು ಡಾಕ್ಟರು, ಸ್ವಾಮಿ! ಅದನ್ನೂ ನಮ್ಮ ತಲೆಗೇ ಕಟ್ಟಬೇಡಿ. ವಾರಕ್ಕೊಮ್ಮೆ ಬರುವವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಬರದಿದ್ದರೆ ನಮ್ಮ ಗತಿಯೇನು? ನನ್ನ ಜಗಳವೆಲ್ಲ, ಡಾಕ್ಟರುಗಳು ಒಂದೇ ಬೀದಿಯಲ್ಲಿ ರಾಶಿ ಬಿದ್ದಿರುವುದನ್ನು ನೋಡುತ್ತ ಕೂತು, ನಮಗೆ ಜಾಗೃತಿ ಶಿಬಿರ ಕಳಿಸುವ ಸರ್ಕಾರದವರ ಜೊತೆ. ಶಿಬಿರ ಸಾಕು, ಕಾಯಂ ಡಾಕ್ಟರ್ ಕೊಡಿ. ಕೊಡುವ ತನಕ ನಾನಂತೂ ಬಾಯಿ ಮುಚ್ಚುವುದಿಲ್ಲ.

ಡಿಸ್ಚಾರ್ಜ್ ದಿನ, ಚೆಕಪ್ಪಿಗೆ ಯಾವಾಗ ಬರಬೇಕೆಂದು ಕೇಳಿದೆ.

"ಇಷ್ಟು ದೂರ ಯಾಕ ಬರ್ತೀರಿ? ಗುರುವಾರ ಜಮಖಂಡಿಗೇ ಬರ್ರಿ" ಅಂದರು.

ಬರುತ್ತೇವೆ ಸರ್. ನೋವು ಶುಕ್ರವಾರ ಬಂದರೆ?