ಕಪ್ಪೆಯಿಲ್ಲದೆ ಮಿಡಿದ ನರ

ಮೊನ್ನೆ ಕೊಟ್ಟಾರದ ಅಂಗಡಿಯಲ್ಲಿ ನೆಲಗಡಲೆ ಕಟ್ಟಿಕೊಟ್ಟ ಕಾಗದದ ಎರಡೂ ಅಂಚಿಗೆ ಸಾಲು ತೂತುಗಳಿದ್ದವು. ಹಳೆಯ ಕಂಪ್ಯೂಟರ್ ಪ್ರಿಂಟರಿನ ಕಾಗದ. ಕಂಡದ್ದೇ ತಡ, ಎಂಬತ್ತರ ದಶಕದಲ್ಲಿ ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದ ಭೌತಶಾಸ್ತ್ರದ ಉಪನ್ಯಾಸಕರು ನೆನಪಾದರು... ಜೊತೆಗೆ ಹೊಟ್ಟೆಯೊಳಗಿನ ಆ ಹಳೆಯ ಉರಿಯೂ.

ನಾನು ಪ್ರಾಣಿಶಾಸ್ತ್ರದವನು. ಕಪ್ಪೆಯ ತೊಡೆಯ ನರ ಬಿಡಿಸಿ, ವಿದ್ಯುತ್ ತಾಗಿಸಿ, ಸ್ನಾಯು ಮಿಡಿಯುವುದನ್ನು ತೋರಿಸುವುದರಲ್ಲಿ ನನ್ನ ಕೈ ಪಳಗಿತ್ತು. ನರದ ವಿಷಯ ಬಂದರೆ ಕಾಲೇಜಿನಲ್ಲಿ ನನ್ನದೇ ಮಾತು. ಅವರೋ, ಕಪ್ಪೆ ಕಂಡರೆ ದೂರ ಸರಿಯುವವರು. ಅಂಥವರು ಒಂದು ಮಧ್ಯಾಹ್ನ ಕೇಳಿದರು: "ಒಮ್ಮೆ ಮಿಡಿದ ನರ ಕೂಡಲೇ ಇನ್ನೊಮ್ಮೆ ಮಿಡಿಯುವುದಿಲ್ಲ, ಯಾಕೆ ಮಾರಾಯ್ರೆ?"

"ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಕು. ನಿಮಗೆ ಅದೆಲ್ಲ ಎಂತಕ್ಕೆ?"

"ಲೆಕ್ಕದಲ್ಲೇ ಒಂದು ನರಕೋಶ ಮಾಡ್ತಾ ಇದ್ದೇನೆ."

ನಾನು ನಕ್ಕುಬಿಟ್ಟೆ. ರಜೆ ಬಂದರೆ ಅವರು ಆ ಲೆಕ್ಕ ಮಾಡಿಸಲು ಇಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರಿಗೆ ಸರದಿ ಕಾಯುತ್ತಿದ್ದರು. ಕೆಲವು ತಿಂಗಳ ಬಳಿಕ ಅಂಚಿಗೆ ಸಾಲು ತೂತುಗಳಿದ್ದ ಉದ್ದದ ಕಾಗದವೊಂದನ್ನು ನನ್ನ ಮೇಜಿನ ಮೇಲೆ ಹರಡಿದರು. ಅಚ್ಚಾದ ಪುಟ್ಟ ನಕ್ಷತ್ರ ಚಿಹ್ನೆಗಳ ಗೆರೆಯೊಂದು ಸುಮ್ಮನೆ ಸಾಗಿ, ಥಟ್ಟನೆ ಮೇಲೆದ್ದು, ಕೆಳಗಿಳಿದು, ತುಸು ತಡೆದು ಮತ್ತೆ ಎದ್ದಿತ್ತು. ಥೇಟ್ ನರದ ಮಿಡಿತ! ಚೂರಿಯಿಲ್ಲ, ರಕ್ತವಿಲ್ಲ. "ಅಡ್ಡಿಯಿಲ್ಲ, ಸರಿ ಉಂಟು" ಎಂದಷ್ಟೇ ಹೇಳಿದೆ. ಆಮೇಲೆ ನನ್ನ ವಿದ್ಯಾರ್ಥಿಗಳೇ ನರದ ಸಂಶಯಗಳನ್ನು ಹಿಡಿದು ಅವರ ಮೇಜಿಗೆ ಹೋಗತೊಡಗಿದಾಗ ನನಗೆ ಬುತ್ತಿಯ ಅನ್ನವೂ ರುಚಿಸಲಿಲ್ಲ.

ಶಕ್ತಿನಗರದ ಅವರ ಮನೆಗೆ ಒಮ್ಮೆ ಹೋಗಿದ್ದೆ. ಹಲವು ನರಕೋಶಗಳನ್ನು ಜೋಡಿಸಿ ಮಾಡಿದ ಹೊಸ ಲೆಕ್ಕವನ್ನು ಅವರು ತೋರಿಸುತ್ತಿದ್ದಾಗ, ಪಕ್ಕದಲ್ಲಿ ಆಡುತ್ತಿದ್ದ ಪುಟ್ಟ ಮಗಳು ಸೆಟೆದು ಬಿದ್ದಳು. ಫಿಟ್ಸ್. ಅವರು ಗಾಬರಿಯಾಗಲಿಲ್ಲ. ಮಗುವನ್ನು ಮಗ್ಗುಲಾಗಿಸಿ, ನಡುಕ ಅಡಗುವವರೆಗೆ ತಲೆಯ ಬಳಿಯೇ ಕೂತರು.

"ಮಿದುಳಿನ ನರಕೋಶ ಎಲ್ಲ ಒಟ್ಟಿಗೆ ಮಿಡಿದರೆ ಹೀಗಾಗ್ತದೆ. ಯಾಕೆ ಒಟ್ಟಿಗೆ ಮಿಡಿಯುತ್ತವೆ ಅಂತ ನನಗೆ ಗೊತ್ತಾಗಬೇಕು" ಎಂದರು, ನನ್ನತ್ತ ನೋಡದೆ.

ಬಸ್ಸಿನಲ್ಲಿ ಮರಳುವಾಗ ಮಗುವಿಗಾಗಿ ಮರುಗಿದೆ. ಅವರ ಮೇಲಿನ ಮತ್ಸರ ಮಾತ್ರ ಇಳಿಯಲಿಲ್ಲ, ಹೆಚ್ಚಿತು. ಅಷ್ಟೊಂದು ಹಂಬಲಿಸಿ ನಾನು ಯಾವ ಉತ್ತರವನ್ನೂ ಹುಡುಕಿದವನಲ್ಲ...

ಉತ್ತರ ಅವರಿಗೂ ಸಿಗಲಿಲ್ಲ. ಮಗಳ ಫಿಟ್ಸ್ ಮಾತ್ರೆಗಳಿಂದಲೇ ಹತೋಟಿಗೆ ಬಂತು. ಅವರಿಗೆ ಬೇರೆ ಕಾಲೇಜಿಗೆ ವರ್ಗವಾಯಿತು, ನಮ್ಮ ಸಂಪರ್ಕ ತಪ್ಪಿತು.

ನೆಲಗಡಲೆಯ ಕಾಗದ ಕಂಡ ಮಾರನೆಯ ದಿನ, ಅವರು ಇನ್ನೂ ಅಲ್ಲೇ ಇರಬಹುದೆಂದು ಶಕ್ತಿನಗರದ ಆ ಮನೆಗೆ ಹೋದೆ. ಬಾಗಿಲು ತೆರೆದವಳು ಮಗಳು, ಈಗ ನರೆಗೂದಲಿನ ಹೆಂಗಸು. ಅಪ್ಪ ತೀರಿಕೊಂಡು ವರ್ಷವಾಯಿತು ಎಂದಳು. ನಾನು ಯಾರೆಂದು ತಿಳಿದಾಗ ಅವಳ ಮುಖ ಅರಳಿತು.

"ಕಪ್ಪೆ ಸರ್ ಅಲ್ವಾ? ಅಪ್ಪನಿಗೆ ನಿಮ್ಮ ಮೇಲೆ ಭಾರೀ ಹೊಟ್ಟೆಕಿಚ್ಚು. ತಾನು ಬರೀ ಲೆಕ್ಕ ಮಾಡಿದ್ದು, ನಿಜವಾದ ನರ ಮುಟ್ಟಿದ್ದು ನೀವು ಅಂತ ಹೇಳ್ತಿದ್ರು."

"ಹೌದಾ" ಎಂದೆ. ನನ್ನದನ್ನೂ ಹೇಳಿಬಿಡಬೇಕೆನಿಸಿತು. ಆದರೆ ಅದನ್ನು ಕೇಳಬೇಕಾಗಿದ್ದವರು ಅವರೊಬ್ಬರೇ.