ಬದು ದಾಟಿದ ಸೈನ್ಯ

ಇಡೀ ಜಗತ್ತನ್ನು ಗೆಲ್ಲಬೇಕಾದ ಆಟದಲ್ಲೂ ನನ್ನ ಅಣ್ಣ ಬದು ಬಿಡುತ್ತಿದ್ದ. ಅವನು ಚಿಂತಾಮಣಿಯಲ್ಲಿ, ನಾನು ಸಾದಲಿ ಹತ್ತಿರದ ನಮ್ಮೂರಿನಲ್ಲಿ. ಸಂಜೆಯಾದರೆ ಇಬ್ಬರೂ ಮೊಬೈಲಿನಲ್ಲಿ ದಾಳ ಉರುಳಿಸಿ ದೇಶ ಹಿಡಿಯುವ ಆಟಕ್ಕೆ ಕೂರುತ್ತಿದ್ದೆವು. ಉಳಿದ ಬಣ್ಣಗಳನ್ನು ಮೊಬೈಲೇ ಆಡುತ್ತಿತ್ತು. ಅವನ್ನು ಅಣ್ಣ ಹಿಗ್ಗಾಮುಗ್ಗಾ ಹೊಡೆಯುತ್ತಿದ್ದ. ಆದರೆ ಅವನ ಹಸಿರಿಗೂ ನನ್ನ ಕೆಂಪಿಗೂ ನಡುವೆ ಒಂದು ದೇಶವನ್ನು ಮುಟ್ಟದೆ ಉಳಿಸುತ್ತಿದ್ದ. "ಅಣ್ಣತಮ್ಮಂದಿರ ಮಧ್ಯೆ ಬದು ಇರ್ಬೇಕು ಕಣೋ," ಎನ್ನುತ್ತಿದ್ದ. ಆ ಬದುವಿನ ದೆಸೆಯಿಂದಲೇ ಎಷ್ಟೋ ಸಲ ಸೋತಿದ್ದಾನೆ. ಇಂಥ ದಡ್ಡ ಚಕ್ರವರ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಊರಿನ ಹೊಲದಲ್ಲೂ ನಮ್ಮಿಬ್ಬರ ನಡುವೆ ಇರುವುದು ಒಂದು ಬದು; ಅಣ್ಣ ಬೈಕಿನಲ್ಲಿ ಬಂದುಹೋಗಿ ಬೇಸಾಯ ಮಾಡುತ್ತಿದ್ದ. ಆಚೆ ಅವನ ಟೊಮೊಟೊ, ಈಚೆ ನನ್ನ ರೇಷ್ಮೆಹುಳಗಳಿಗೆ ಹಿಪ್ಪುನೇರಳೆ. ಔಷಧಿ ಹೊಡೆಯುವ ಮೊದಲು ಅವನು ಗಾಳಿ ನೋಡುತ್ತಿದ್ದ, ನನಗೆ ಫೋನ್ ಮಾಡುತ್ತಿದ್ದ. ಅವತ್ತೂ ನೋಡಿದ್ದ, ಮಾಡಿದ್ದ. ಅರ್ಧ ಹೊಲ ಮುಗಿಯುವಷ್ಟರಲ್ಲಿ ಗಾಳಿ ತಿರುಗಿತು. ಔಷಧಿ ಬದು ದಾಟಿ ಸೊಪ್ಪಿನ ಮೇಲೆ ಬಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆ ಸೊಪ್ಪನ್ನೇ ಕೊಯ್ದು ಹಾಕಿದೆ. ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಹಸಿದಿದ್ದ ಹುಳಗಳು ತಿಂದವು, ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಾರಿ ಸತ್ತವು. ಸುದ್ದಿ ತಿಳಿದು ಬಂದ ಅಣ್ಣ ಹುಳಮನೆಯ ಬಾಗಿಲಲ್ಲೇ ನಿಂತು ನೋಡಿದ. ಹಾಗೇ ತಿರುಗಿ ಬೈಕು ಹತ್ತಿ ಹೋದ.

ಆಮೇಲೆ ಹೊಲದ ಕಡೆ ಸುಳಿಯಲಿಲ್ಲ, ಫೋನ್ ಎತ್ತಲಿಲ್ಲ. ನಾನೇ ಚಿಂತಾಮಣಿಗೆ ಹೋದರೆ ಹಿತ್ತಲ ಬಾಗಿಲಿನಿಂದ ಹೊರಟುಬಿಡುತ್ತಿದ್ದ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಗಾಳಿ ಮಾಡಿದ್ದಕ್ಕೆ ಅವನೇನು ಮಾಡಿಯಾನು? ಅವನ ದನಿ ಕೇಳದೆ ನನಗೆ ಕೈಕಾಲೇ ಆಡುತ್ತಿರಲಿಲ್ಲ. ಉಳಿದದ್ದು ಆಟವೊಂದೇ. ಕರೆದರೆ ಅದಕ್ಕೆ ಮಾತ್ರ ಬರುತ್ತಿದ್ದ.

ಗೆದ್ದಾದರೂ ಒಂದಿಷ್ಟು ನಗಲಿ ಎಂದು ನಾನೇ ನಡುವಿನ ದೇಶ ಹಿಡಿದು, ಬದು ಅಳಿಸಿ, ಅವನ ಮಗ್ಗುಲಿಗೆ ಸೈನ್ಯ ತಂದು ನಿಲ್ಲಿಸಿದೆ. ಅವನು ಹೊಡೆಯಲಿಲ್ಲ. ಕೊನೆಗೆ ಅವನ ದೊಡ್ಡ ಸೈನ್ಯದ ಮೇಲೆ ನನ್ನ ಸಣ್ಣ ಸೈನ್ಯಗಳನ್ನು ಬೇಕೆಂದೇ ನುಗ್ಗಿಸಿದೆ. ದಾಳ ಉರುಳಿದಂತೆಲ್ಲ ನನ್ನ ಕೆಂಪು ಸೈನ್ಯದ ಅಂಕಿ ಇಳಿಯುತ್ತಾ ಹೋಗುತ್ತಿತ್ತು. ದಿನವೂ ಹೀಗೇ ಸೋತೆ, ದಿನವೂ ಅವನನ್ನು ಗೆಲ್ಲಿಸಿದೆ.

ಒಂದು ಸಂಜೆ ಹಸಿರು ಸೈನ್ಯ ತಾನಾಗಿ ನನ್ನ ಮೇಲೆ ಬಿತ್ತು. ಒಂದಾದ ಮೇಲೊಂದು ದೇಶ ಕಳೆದುಕೊಂಡೆ; ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಅಣ್ಣ ಮೊದಲಿನಂತಾದ ಎಂದು ಹೆಂಡತಿಯನ್ನು ಕರೆದು ತೋರಿಸಿದೆ.

"ಅವರ ಹೆಸರಿನ ಪಕ್ಕ ಅದೇನ್ರೀ ಗುರುತು?" ಎಂದಳು.

ಆಟಗಾರ ಎದ್ದುಹೋದರೆ ಅವನ ಬದಲು ಮೊಬೈಲೇ ಆಡುತ್ತದೆ. ಅದರ ಗುರುತು ಅದು. ಅತ್ತಿಗೆಗೆ ಫೋನ್ ಮಾಡಿದೆ.

"ನಿಮ್ಮಣ್ಣ ಆ ಆಟಾನ ಮೊಬೈಲಿಂದ್ಲೇ ತೆಗ್ದಾಕ್ಬಿಟ್ರು ಕಣಪ್ಪ," ಎಂದರು.

"ಯಾಕತ್ತಿಗೆ? ದಿನಾ ಅಣ್ಣಾನೇ ಗೆಲ್ತಿದ್ನಲ್ಲ."

ಅತ್ತಿಗೆ ದನಿ ತಗ್ಗಿಸಿದರು.

"ಗೆದ್ದು ಕೂತ್ಕೊಂಡು ಅಳ್ತಿದ್ರು. ಆಟದಲ್ಲೂ ತಮ್ಮನ್ವೇ ಬಂದು ಬಂದು ನನ್ ಕೈಲಿ ಸಾಯ್ತವೆ, ಇನ್ನೂ ಎಷ್ಟು ಸಾಯಿಸ್ಲಿ ಅಂತ."