ಒಳಮಡಿಕೆ

ನನ್ನ ಅತ್ತೆಯನ್ನು ಊರೆಲ್ಲ ಹೊಗಳುತ್ತದೆ. ಹೊಗಳಲಿ, ಅವರ ಕೈಕೆಳಗೆ ಬಾಳ್ವೆ ಮಾಡಿದವಳು ನಾನು. ದೂರದ ಊರಿನಿಂದ ಸೊಸೆಯಾಗಿ ಬಂದರು, ಗಂಡ ಸತ್ತ ಮೇಲೂ ಮಡಕೆ ಮಾಡುವ ತಿಗರಿ ನಿಲ್ಲಲು ಬಿಡಲಿಲ್ಲ, ಮೇಲಿನ ಬೀದಿಯ ಕುಂಬಾರರಿಗೆಲ್ಲ ಯಜಮಾನಿಯಾದರು. ಇಷ್ಟು ಸುಳ್ಳಲ್ಲ.

ಮಗ ಹಟ ಹಿಡಿದು ತಂದ ನಾನು ಕೆಳಗಿನ ಬೀದಿಯವಳು. ನಾವೂ ಕುಂಬಾರರೇ, ಮಣ್ಣೂ ಅದೇ ಕೆರೆಯದು. ಪಂಗಡ ಮಾತ್ರ ಬೇರೆ, ಅದು ಕಾಣುವುದು ಮಡಕೆಯ ಬಾಯಲ್ಲಿ. ನಮ್ಮವರು ಎಲ್ಲೇ ಇರಲಿ, ಹಸಿ ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಿಸುತ್ತಾರೆ. ಈ ಮೇಲಿನ ಬೀದಿಯವರು ಹೊರಕ್ಕೆ. ಅತ್ತೆಯ ಬಾಯಿಯೂ ಹಾಗೇ, ಹೊರಕ್ಕೇ.

"ನಿಮ್ಮೋರ ಮಡಕೆ ಎಷ್ಟು ತೊಳೆದ್ರೂ ಕೊಳೆ ಒಳಗೇ ಇರುತ್ತೆ. ಬುದ್ಧೀನೂ ಅಷ್ಟೆ," ಎನ್ನುತ್ತಿದ್ದರು.

ತಿಗರಿಯ ಮುಂದೆ ಒಂದು ಜಾಗ ಬಿಟ್ಟರೆ ನನಗೆ ಆ ಮನೆಯಲ್ಲಿ ಬೇರೇನೂ ಬೇಕಿರಲಿಲ್ಲ. ಒಮ್ಮೆ ಕೂತೆ. ಹೆಬ್ಬೆರಳು ತಾನಾಗಿ ಒಳಕ್ಕೆ ಹೊರಳಿತು. ಅತ್ತೆ ಬಂದು ಮುಷ್ಟಿ ಇಳಿಸಿ ನನ್ನ ಮಡಕೆಯನ್ನು ಮುದ್ದೆ ಮಾಡಿದರು. ಅಲ್ಲಿಂದಾಚೆ ನನಗೆ ಮಣ್ಣು ತುಳಿಯುವುದೊಂದೇ ಕೆಲಸ. ತುಳಿಯುವ ಮಣ್ಣನ್ನು ಗಂಡನೇ ತಂದು ಸುರಿದ. ನನ್ನ ಹೊಟ್ಟೆಯ ಉರಿಯಲ್ಲಿ ಒಂದು ಆವಿಗೆಯ ತುಂಬ ಮಡಕೆ ಬೇಯಿಸಬಹುದಿತ್ತು.

ಮುಪ್ಪಿನಲ್ಲಿ ಅತ್ತೆಗೆ ಕಣ್ಣು ಮಂಜಾಯಿತು, ಅರಳುಮರಳು ಶುರುವಾಯಿತು. ಮಗನ ಗುರುತು ಮರೆತರೂ ತಿಗರಿ ಬಿಡಲಿಲ್ಲ. ಒಂದು ಬೆಳಿಗ್ಗೆ ಬೀದಿಯ ಹೆಂಗಸರು ಮಣ್ಣು ಹಂಚಿಕೊಳ್ಳಲು ನಮ್ಮ ಅಂಗಳದಲ್ಲಿ ಸೇರಿದ್ದರು. ಅವರ ಎದುರೇ ಅತ್ತೆ ತಿಗರಿ ತಿರುಗಿಸಿ ಮಡಕೆ ಎತ್ತಿದರು. ಮಡಕೆಗೆ ಕಂಠ ಬಂತು. ಹೆಬ್ಬೆರಳು ಅಂಚನ್ನು ಒಳಕ್ಕೆ ಮಡಿಸಿತು, ಉಗುರಿನಿಂದ ಒತ್ತಿ ಸೇರಿಸಿತು. ನನ್ನ ತಾಯಿ ಒತ್ತುತ್ತಿದ್ದುದು ಹೀಗೆಯೇ. ಚಿಕ್ಕಂದಿನಲ್ಲಿ ಕಲಿಯದವರಿಗೆ ಅದು ಬರುವುದಿಲ್ಲ.

ಹೆಂಗಸರು ಮಣ್ಣು ಬಿಟ್ಟು ಹತ್ತಿರ ಬಂದು ಬಗ್ಗಿ ನೋಡಿದರು.

"ಇದನ್ನ ಯಾರು ಹೇಳ್ಕೊಟ್ರು ಅತ್ತೆ?" ಎಂದೆ.

"ನಮ್ಮಮ್ಮ," ಎಂದು ಮಗುವಿನ ಹಾಗೆ ನಕ್ಕರು.

ಆಮೇಲೆ ಬೆರಳು ಇನ್ನೊಮ್ಮೆ ಅಂಚು ಸವರಿತು, ನಗು ಹೋಯಿತು. ಈ ಮನೆಗೆ ಸೊಸೆಯಾಗಿ ಬಂದಾಗ ಅವರ ಮೊದಲ ಮಡಕೆಗೂ ಯಾರೋ ಮುಷ್ಟಿ ಇಳಿಸಿರಬೇಕು. ನನಗೆ ಕನಿಕರ ಬರಲಿಲ್ಲ. ನೋವು ಗೊತ್ತಿದ್ದೂ ನನಗೆ ಹಾಗೆ ಮಾಡಿದರಲ್ಲ ಎಂದು ಸಿಟ್ಟೇ ಹೆಚ್ಚಾಯಿತು.

ಅವರು ತಮ್ಮ ಮಡಕೆಯ ಮೇಲೇ ಮುಷ್ಟಿ ಎತ್ತಿದರು. ನಾನು ಕೈ ಹಿಡಿದುಕೊಂಡೆ.

"ಅದು ಇರಲಿ. ನೀವು ಏಳಿ ಅತ್ತೆ, ಇನ್ಮೇಲೆ ನಾನು ಕೂರ್ತೀನಿ."

ಆ ಮಡಕೆಯನ್ನು ಬೇಯಿಸಿದೆ. ಈಗ ಅತ್ತೆಗೆ ಕುಡಿಯುವ ನೀರು ಇಡುವುದು ಅದರಲ್ಲೇ.